ವೀಸಾದ ಗಡುವೂ ಬಾಯ್ಲರ್ ಸೆವೆನ್ನೂ

ಖುರುಮ್, ಮಸ್ಕತ್
2-5-1995

ಪ್ರೀತಿಯ ಸುಚೇತಾಳ ಅಪ್ಪನಿಗೆ,

ನಿಮ್ಮ ಬೆನ್ನುನೋವು ಹೇಗುಂಟು? ಅಷ್ಟು ಭಾರದ ಸ್ಪೀಕರುಗಳನ್ನು ನೀವೇ ಎತ್ತಬೇಡಿ ಮಾರಾಯ್ರೆ, ನೀವು ಅಮೆರಿಕಕ್ಕೆ ಹೋದದ್ದು ಬ್ಯಾಂಡಿನವರ ಯಂತ್ರ ರಿಪೇರಿಗೆ, ಹಮಾಲಿಗಲ್ಲ. ಊಟ ಸರಿಯಾಗಿ ಮಾಡ್ತೀರಾ? ನಾವಿಬ್ಬರೂ ಆರೋಗ್ಯ. ಸುಚೇತಾ ಮೂರನೇ ಕ್ಲಾಸಿಗೆ ಹೋದಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಸೆಖೆ ಈಗಲೇ ಜೋರು.

ನಿಮ್ಮ ಕಾಗದ ಬಂತು, ನಿಮ್ಮ ಬ್ಯಾಂಡು ಬಾಯ್ಲರ್ ಸೆವೆನ್‌ನ ಹೊಸ ಕ್ಯಾಸೆಟ್ಟೂ ಬಂತು. ಕೇಳಿದೆ. ಬೇಜಾರು ಮಾಡಬೇಡಿ, ಅಟ್ಟದಿಂದ ಪಾತ್ರೆಯ ಮೂಟೆ ಬಿದ್ದ ಹಾಗುಂಟು. ಸುಚೇತಾ ಮಾತ್ರ ಕುಣಿದದ್ದೇ ಕುಣಿದದ್ದು. ಅವರ ಚರಿತ್ರೆಯೆಲ್ಲ ನನಗೆ ಬಾಯಿಪಾಠ. ಇಲ್ಲಿ ನಿಮ್ಮ ಹೋಟೆಲಿನಲ್ಲಿ ಗಿಟಾರ್ ಬಾರಿಸುತ್ತಿದ್ದ ರಾಬ್ ಅಮೆರಿಕದ ತನ್ನೂರಿಗೆ ಹೋಗಿ, ಎಂಬತ್ತೇಳರಲ್ಲಿ ಮುಚ್ಚಿದ ಕಾರ್ಖಾನೆಯೊಳಗೆ ತಗಡು, ಪೈಪು ಬಡಿದು ಶುರುಮಾಡಿದ್ದು. ಮೊದಲ ರೆಕಾರ್ಡುಗಳನ್ನು ಯಾರೂ ಮೂಸಿ ನೋಡದ್ದು. ಡ್ರಮ್ಮಿನವ ಜಗಳವಾಡಿ ಹೋದ ಮೇಲೆ ಅವನ ಜಾಗಕ್ಕೆ ಯಂತ್ರ ಇಟ್ಟದ್ದು. ಹೋದ ವರ್ಷ ಒಂದು ಹಾಡು ಟಿವಿಯಲ್ಲಿ ಬಂದು ಹೆಸರಾದದ್ದು, ಊರೂರು ತಿರುಗುವಾಗ ಆ ಯಂತ್ರ ಕೈಕೊಟ್ಟು ರಾಬನಿಗೆ ನಿಮ್ಮ ನೆನಪಾದದ್ದು. ಹೋಟೆಲಿನ ಸೌಂಡ್ ಕೆಲಸಕ್ಕೆ ರಜೆ ಹಾಕಿ, ಮೂರೇ ತಿಂಗಳು ಅಂತ ಹೇಳಿ ಹೋದಿರಿ. ನಾನೂ ಹೂಂ ಅಂದೆ.

ಈಗ ಯುರೋಪಿಗೂ ಹೋಗಬೇಕು ಅಂತ ಬರೆದಿದ್ದೀರಿ. ಹಾಡುವವನಿಗೂ ರಾಬನಿಗೂ ಮಾತಿಲ್ಲವಂತೆ, ಬ್ಯಾಂಡ್ ಇವತ್ತೋ ನಾಳೆಯೋ ಒಡೆಯುತ್ತದಂತೆ, ಆದರೂ ಹೋಗಬೇಕಂತೆ! ಆರು ತಿಂಗಳು ಹೊರಗಿದ್ದರೆ ಇಲ್ಲಿನ ವೀಸಾ ಸತ್ತ ಹಾಗೆ, ನಿಮ್ಮದು ಹೋದರೆ ನಮ್ಮದೂ ಹೋಯಿತು. ಈ ತಿಂಗಳ ಕೊನೆಗೆ ಗಡುವು. ಹೋಟೆಲ್ ಆಫೀಸಿನ ಅಬ್ದುಲ್ ಆಗಾಗ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ, ವೀಸಾ ಕೊಟ್ಟ ಧಣಿ, ಕಫೀಲ್, ಕೇಳ್ತಿದ್ದಾರೆ ಭಾಭೀ ಅಂತಾನೆ. ಬರ್ತಾರೆ, ಬರ್ತಾರೆ ಅಂತ ಹೇಳಿ ಹೇಳಿ ನನ್ನ ನಾಲಗೆ ಬಿದ್ದುಹೋಯಿತು.

ನಿಮ್ಮ ಕಾಗದವನ್ನು ತಿರುಗಿ ತಿರುಗಿ ಓದಿದೆ. ಪುಟಗಟ್ಟಲೆ ಬ್ಯಾಂಡು. ಕೊನೆಗೆ ಒಂದು ಸಾಲು, ವೀಸಾದ ಕಡೇ ದಿನ ತಿಳಿಸು, ಅದರ ಮುಂಚೆ ಬಂದು ಮುಖ ತೋರಿಸಿ ವಾಪಸ್ ಹೋಗ್ತೇನೆ ಅಂತ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ! ಯಾರಿಗೆ ತೋರಿಸುವುದು ಮುಖ, ಏರ್‌ಪೋರ್ಟಿನವರಿಗಾ? ಮಗಳ ಹೆಸರು ಒಂದು ಕಡೆಯಾದರೂ ಉಂಟಾ? ಅವಳು ನನ್ನಿಂದ ಓದಿಸಿಕೊಂಡು, "ವಾಟ್ ಅಬೌಟ್ ಮಿ?" ಅಂದಳು. ನನಗೆ ಬಂದದ್ದು ಅಳು ಅಲ್ಲ, ಸಿಟ್ಟು. ಇನ್ನೂ ಇಳಿದಿಲ್ಲ.

ಮದ್ದು ಬಿಡಬೇಡಿ. ರಾಬನನ್ನು ಕೇಳಿದೆ ಅಂತ ಹೇಳಿ. ಮನೆದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿಮ್ಮ
ದಮಯಂತಿ

ವಿ.ಸೂ.: ಕವರ್ ಅಂಟಿಸುವಾಗಲೇ ಅಬ್ದುಲ್ ಬಂದ. ನಿಮ್ಮ ವೀಸಾ ಇಟ್ಟುಕೊಳ್ಳುವುದಾ, ಕ್ಯಾನ್ಸಲ್ ಮಾಡುವುದಾ ಅಂತ ಕಫೀಲ್ ಕೇಳಿ ಕಳಿಸಿದ್ದಾರೆ. ಕ್ಯಾನ್ಸಲ್ ಮಾಡಿ ಅಂದೆ. ಮೂವರದ್ದೂ. ಗುರುವಾರದ ವಿಮಾನಕ್ಕೆ ನಾನೂ ಸುಚೇತಾಳೂ ಊರಿಗೆ, ಕಾಪುವಿನ ಅಕ್ಕನ ಮನೆಗೆ ಹೋಗ್ತೇವೆ. ನೀವು ಮಸ್ಕತ್ತಿಗೆ ಟಿಕೆಟ್ ತೆಗೀಬೇಡಿ. ಇಂಥ ತಾರೀಕಿನೊಳಗೆ ಬರಬೇಕು ಅಂತ ಇನ್ನು ಇಲ್ಲ. ನಾವು ಬೇಕು ಅಂತ ಕಂಡರೆ ಬನ್ನಿ.