ಮೈನಾಳ ಗುಳಿಗೆಗಳು

ನಿಪ್ಪಾಣಿ
ಭಾನುವಾರ ಮಧ್ಯಾಹ್ನ

ನನ್ನ ಅವ್ವನಿಗೆ,

ನಮ್ಮ ಮೈನಾಳ ಹೊಲಿಗೆ ಬಿಚ್ಚಿದರಂತೆ. ತೋಟಕ್ಕೆ ಮರಳಿದ ಕೂಡಲೇ ದ್ರಾಕ್ಷಿ ಸಾಲಿನಲ್ಲಿ ಕೋಳಿಗಳನ್ನು ಬೆನ್ನಟ್ಟಿದಳಂತೆ. ತಮ್ಮ ಶಿವರಾಜ ಫೋನಿನಲ್ಲಿ ಹೇಳಿದ. ನಾಯಿಯ ಸುದ್ದಿ ಮುಗಿದ ಮೇಲೆ ನಿನ್ನ ಸುದ್ದಿ ಕೇಳಿದೆ. 'ಅವ್ವಗೇನಾಗೇತಿ, ಆರಾಮ ಅದಾಳ' ಅಂದ. ನಿನ್ನ ಕೈಗೆ ಫೋನು ಕೊಟ್ಟಿದ್ದರೂ ನೀನು 'ಏನಾಗಿಲ್ಲ ಬಿಡ' ಎಂದು ಇಟ್ಟುಬಿಡುತ್ತಿದ್ದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಪೂರ್ತಿ ಓದಲೇಬೇಕು.

ಎಲ್ಲದರಲ್ಲೂ ಮೂಗು ತೂರಿಸುತ್ತೀ ಎಂದು ಸಣ್ಣವಳಿದ್ದಾಗ ನೀನೇ ಬೈಯುತ್ತಿದ್ದೆ. ಆ ಚಟ ಹೋಗಿಲ್ಲ. ಮೈನಾಳ ಗರ್ಭಚೀಲದಲ್ಲಿ ಕೀವು ತುಂಬಿದೆ, ಈಗಲೇ ತೆಗೆಯದಿದ್ದರೆ ಉಳಿಯುವುದಿಲ್ಲ ಎಂದು ಅಥಣಿಯ ಡಾಕ್ಟರ್ ಸೀಮಾ ಹೇಳಿದಾಗ ನೀನು ಹೊರಗಿನ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ನಾನು ಬಾಗಿಲಿನಿಂದ ಇಣುಕಿದೆ. ಇನ್ನೂ ಚಾಕು ಮುಟ್ಟಿಸಿರಲಿಲ್ಲ, ಆಗಲೇ ನೋವಿನ ಇಂಜೆಕ್ಷನ್ ಕೊಡುತ್ತಿದ್ದರು. ನೋವೇ ಬಂದಿಲ್ಲವಲ್ಲ, ಔಷಧ ಯಾಕೆ ಎಂದು ಕೇಳಿದೆ. ಬಂದ ಮೇಲೆ ಓಡಿಸುವುದಕ್ಕಿಂತ ಮೊದಲೇ ತಡೆಯುವುದು ಸುಲಭ ಎಂದರು. ನನಗೆ ಭಾರಿ ಸೋಜಿಗವಾಯಿತು. ಒಂದು ನಾಯಿಗೆ ಮುಂದೆ ಆಗಲಿರುವ ನೋವಿನ ಬಗ್ಗೆ ಇವತ್ತೇ ಯೋಚಿಸುವವರಿದ್ದಾರೆ ಎಂದು ಐನಾಪುರದ ನಮ್ಮ ಮನೆ ಮುಟ್ಟುವ ತನಕ ಅದನ್ನೇ ನೆನೆಯುತ್ತ ಬಂದೆ.

ಆಮೇಲೆ ಅವರು ಕೊಟ್ಟ ನೋವಿನ ಗುಳಿಗೆಯ ಉಸ್ತುವಾರಿ ನಿನ್ನದಾಯಿತು. ಮೈನಾ ಗೋಣಿಚೀಲದ ಮೇಲೆ ಮುದುರಿಕೊಂಡು ಬಿದ್ದಿದ್ದಳು. ಹಾಲು ಮೂಸಿಯೂ ನೋಡಲಿಲ್ಲ. ನೀನು ಮಾತ್ರ 'ಶಾಣ್ಯಾ ಅದಾಳ, ಸುಮ್ಮ ಬಿದ್ದಾಳ' ಎಂದು ಹೊಗಳುತ್ತಿದ್ದೆ. ಹೀಗೇ ಬಿಟ್ಟರೆ ನಾಯಿ ಸಾಯುತ್ತದೆ ಎಂದು ಹೆದರಿ ನಾನು ಜಗಳ ತೆಗೆದು ಮತ್ತೆ ಗಾಡಿ ಹತ್ತಿಸಿದೆ.

ಹೆಸರು ಹಿಡಿದು ಕರೆದರೆ ಬಾಲ ಅಲ್ಲಾಡಿಸುತ್ತಾಳೆ, ಅಂದರೆ ಆರಾಮವಾಗಿರಬೇಕು ಎಂದು ನೀನು ಡಾಕ್ಟರಿಗೆ ಹೇಳಿದೆ. ಅವರು ಬಾಲವನ್ನು ನೋಡಲೇ ಇಲ್ಲ. ಕಣ್ಣು ಅರ್ಧ ಮುಚ್ಚಿದೆಯೇ, ಕಿವಿ ಹಿಂದಕ್ಕೆ ಬಿದ್ದಿದೆಯೇ, ಬೆನ್ನು ಗೂನಾಗಿದೆಯೇ ಎಂದು ನೋಡಿದರು. ಗಾಯದ ಸುತ್ತ ಮೆಲ್ಲಗೆ ಒತ್ತಿದರು. ಮೈನಾ ಕೂಗಲಿಲ್ಲ, ತಲೆ ತಿರುಗಿಸಿ ಅವರ ಕೈಯನ್ನು ನೋಡಿದಳು, ಅಷ್ಟೇ. ಇದಕ್ಕೆ ಬಹಳ ನೋವಿದೆ, ಗುಳಿಗೆ ಕೊಡುತ್ತಿದ್ದೀರಾ ಎಂದು ಕೇಳಿದರು.

ನೀನು ಸೊಂಟದ ಎಲೆಅಡಿಕೆ ಸಂಚಿಯಿಂದ ಗುಳಿಗೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟೆ. ಒಂದೂ ಒಡೆದಿರಲಿಲ್ಲ.

"ನಾನ ಕೊಟ್ಟಿಲ್ಲರಿ. ನೋವು ಹೋತಂದ್ರ ಜಿಗದಾಡತಾಳ, ಹೊಲಿಗಿ ಹರಿತಾವ. ನೋವಿದ್ರ ಬಿದ್ದಿರತಾಳ."

ನಾನು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರ್ ನಕ್ಕರು. ಬೈಯಲಿಲ್ಲ.

"ಜಿಗೀಬಾರದಂದ್ರ ಹಗ್ಗ ಐತೆಲ್ಲ ಮಾವಶಿ. ಅದಕ್ಕ ನೋವು ಯಾಕ ಬೇಕು?"

ನೋವಿನಲ್ಲಿರುವ ಪ್ರಾಣಿ ಉಣ್ಣುವುದಿಲ್ಲ, ಉಣ್ಣದಿದ್ದರೆ ಗಾಯ ಮಾಯುವುದಿಲ್ಲ ಎಂದು ತಿಳಿಸಿ ಹೇಳಿದರು. ಈ ಪದ್ಧತಿ ಯಾರು ಕಲಿಸಿದರು ಎಂದು ಕೇಳಿದರು. ನೀನು ಮೈನಾಳ ತಲೆ ಸವರುತ್ತ ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

"ನನ್ನ ಗರ್ಭಚೀಲಾ ತಗದಾಗ ನಮ್ಮತ್ತಿ ಹಿಂಗ ಮಾಡಿದ್ರರಿ. ಗುಳಿಗಿ ತಮ್ಮ ಕಡೆನ ಇಟಗೊಂಡಿದ್ರು. ನೋವ ಇಲ್ಲಂದ್ರ ಈಕಿನ್ನ ನಾಳೆನ ಕಬ್ಬ ಕಡಿಯಾಕ ಕಳಸ್ತಾರ ಅಂದ್ರು. ನನ್ನ ಮ್ಯಾಲ ಮಾಯಾ ಇತ್ತರಿ ಅವರಿಗೆ."

ಅವ್ವ, ಆ ದಿನಗಳಲ್ಲಿ ನೀನು ಒಳಕೋಣೆಯಲ್ಲಿ ಮಲಗಿದ್ದು ನನಗೆ ನೆನಪಿದೆ. ಅವ್ವ ಹಗಲೂ ಮನೆಯಲ್ಲಿದ್ದಾಳೆ ಎಂದು ನನಗೆ ಹಬ್ಬ. ನಿನ್ನ ಪಕ್ಕ ನುಸುಳಿಕೊಂಡು ಹೊಟ್ಟೆಯ ಮೇಲೆ ಕಾಲು ಹಾಕುತ್ತಿದ್ದೆ. ನೀನು ಕೂಗಲಿಲ್ಲ. ನನ್ನ ಕಾಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಿದ್ದೆ. ಆಗ ನಿನ್ನ ಕಣ್ಣು ಹೇಗಿದ್ದವು ಎಂದು ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ. ಎಷ್ಟು ನೋವಿತ್ತು? ರಾತ್ರಿ ನಿದ್ದೆ ಬರುತ್ತಿತ್ತೇ? ಅಜ್ಜಿಯ ಮೇಲೆ ಸಿಟ್ಟು ಬರಲಿಲ್ಲವೇ? ನನಗಂತೂ ಅಜ್ಜಿಯನ್ನು ಬೈಯಲೂ ಆಗುತ್ತಿಲ್ಲ, ಹೊಗಳಲೂ ಆಗುತ್ತಿಲ್ಲ. ನೋವಿದ್ದರೆ ಮಾತ್ರ ಹೆಂಗಸಿಗೆ ಮಲಗುವ ಅಪ್ಪಣೆ ಸಿಗುವ ಮನೆಯಲ್ಲಿ ಆಕೆಗೆ ತಿಳಿದ ದಾರಿ ಅದೊಂದೇ ಇತ್ತೇನೋ.

ಇನ್ನೊಂದು ಮಾತು. ಆವತ್ತು ನಿನ್ನ ಸಂಚಿಯಲ್ಲಿ ಎರಡು ಪಟ್ಟಿಗಳಿದ್ದವು. ಎರಡನೆಯದು ನಿನ್ನ ಮೊಣಕಾಲು ನೋವಿನದು, ಶಿವರಾಜ ತಂದುಕೊಟ್ಟದ್ದು. ಅದೂ ಒಡೆದಿರಲಿಲ್ಲ. ಮನೆಗೆ ಬಂದು ನೀನು ಕಟ್ಟೆಯಿಂದ ಏಳುವುದನ್ನು ನೋಡಿದೆ. ಬಾಗಿಲ ಚೌಕಟ್ಟು ಹಿಡಿದೆ, ಕಣ್ಣು ಅರ್ಧ ಮುಚ್ಚಿದೆ, ಬೆನ್ನು ಗೂನಾಯಿತು. ನಾನು ಕರೆದೆ. ನೀನು ತಿರುಗಿ ನಕ್ಕೆ. ಆ ನಗುವನ್ನು ಇನ್ನು ನಾನು ನಂಬುವುದಿಲ್ಲ.

ನಾಳೆಯಿಂದ ಉಂಡ ಮೇಲೆ ಗುಳಿಗೆ ನುಂಗು. ನೋವು ಹೋದ ಮೇಲೆ ಎದ್ದು ತೋಟಕ್ಕೆ ಓಡಬೇಡ, ಮಲಗು. ಏನೂ ನೋಯದಿದ್ದರೂ ಮಲಗು, ಅವ್ವ. ಯಾಕೆ ಮಲಗಿದ್ದೀ ಎಂದು ಯಾರಾದರೂ ಕೇಳಿದರೆ ಕೋಮಲ ಹೇಳಿದ್ದಾಳೆ ಅನ್ನು. ಬರುವ ವಾರ ಬಂದು ನಾನೂ ನಿನ್ನ ಪಕ್ಕ ಮಲಗುತ್ತೇನೆ, ಕಾಲು ಹಾಕುವುದಿಲ್ಲ.

ನಿನ್ನ ಮೊಣಕಾಲು ತಣ್ಣಗಿರಲಿ, ನಿದ್ದೆ ತುಂಬ ಬರಲಿ.

ನಿನ್ನ ಮೂಗು ತೂರಿಸುವ ಮಗಳು,
ಕೋಮಲ