ಏಳನೇ ಪುಟ

ಫೆಬ್ರವರಿ 24, ಸೋಮವಾರ, ಬೆಳಿಗ್ಗೆ 5.10

ಮತ್ತೆ ಐದಕ್ಕೇ ಎಚ್ಚರ. ನೋಡಿಬರಲು ಕೋಣೆಗಳಿಲ್ಲ, ಹಂಚಲು ಕೆಲಸವಿಲ್ಲ. ನನ್ನ ಹಾಸಿಗೆಯನ್ನೇ ಎರಡು ಸಲ ಹಾಸಿದೆ. ಅಡಿಲೇಡ್‌ನ ಈ ಬಾಡಿಗೆ ಮನೆಯಲ್ಲಿ ಉಳಿದವರು ಏಳುವುದು ಎಂಟಕ್ಕೆ.

ತರಗತಿಯಲ್ಲಿ ಹನ್ನೊಂದು ಮಂದಿ. ಹೋಟೆಲ್ ಆಡಳಿತದ ಸ್ನಾತಕೋತ್ತರ ಪದವಿ. ಹತ್ತು ವರ್ಷವಾದರೂ ದುಡಿದವರಿಗೆ ಮಾತ್ರ ಪ್ರವೇಶ. ನನ್ನದು ಇಪ್ಪತ್ತಾರು. ಹೋದ ವಾರ ಪರಿಚಯ ಹೇಳಿಕೊಂಡೆವು. ಸಲನಿಯೆತಾ, ಫಿಜಿ, ರೆಸಾರ್ಟ್‌ನಲ್ಲಿ ಹೌಸ್‌ಕೀಪಿಂಗ್ ಮುಖ್ಯಸ್ಥೆ... ಅಷ್ಟಕ್ಕೇ ನಿಲ್ಲಿಸಿ ಕೂತೆ. ಡೆಪ್ಯುಟಿ ಮ್ಯಾನೇಜರ್ ಹುದ್ದೆ ಎರಡು ಸಲ ಹೊರಗಿನವರಿಗೆ ಹೋಯಿತು, ಪದವಿ ಇಲ್ಲವೆಂಬ ಕಾರಣಕ್ಕೆ, ಅದಕ್ಕೇ ಬಂದೆ — ಇದನ್ನು ಹೇಳಲಿಲ್ಲ.

ಪಕ್ಕದಲ್ಲಿ ರೇವಿನ್. ನ್ಯೂಜಿಲೆಂಡ್‌ನ ರೊಟೊರುವಾದ ಹೋಟೆಲೊಂದರಲ್ಲಿ ಹದಿನೆಂಟು ವರ್ಷ ರಿಸೆಪ್ಷನ್ ನಡೆಸಿದವಳು. “ಈ ವಯಸ್ಸಿಗೆ ಸ್ಕೂಲ್ ಬ್ಯಾಗು. ನಮ್ಮಿಬ್ರಿಗೂ ತಲೆ ಕೆಟ್ಟಿದೆ ಕಣೆ,” ಅಂದಳು. ಊರು ಬಿಟ್ಟ ಮೇಲೆ ನಕ್ಕಿದ್ದು ಅದೇ ಮೊದಲು.

ಮಾರ್ಚ್ 9, ಭಾನುವಾರ

ಚರ್ಚಿಗೆ ಹೋಗಿ ಬಂದೆ. ಹಾಡು ಗೊತ್ತಿತ್ತು, ಪಕ್ಕದಲ್ಲಿ ನಿಂತವರು ಗೊತ್ತಿರಲಿಲ್ಲ.

ಮಧ್ಯಾಹ್ನ ಅಕಾನಿಸಿ ಅಕ್ಕನ ಫೋನು. ದೊಡ್ಡಪ್ಪನ ಮಗಳು, ಲಾಂಡ್ರಿಯ ಹಿರಿಯಳು. ಇಪ್ಪತ್ತಾರು ವರ್ಷದ ಹಿಂದೆ ಕೈಹಿಡಿದು ರೆಸಾರ್ಟ್‌ಗೆ ಕರೆದೊಯ್ದವಳು ಅವಳೇ. ಲಾಂಡ್ರಿಯ ಒಂಬತ್ತೂ ಹೆಂಗಸರು ಊಟಕ್ಕೆ ಸೇರಿದ್ದರಂತೆ. ಫೋನು ಕೈಯಿಂದ ಕೈಗೆ ಹೋಯಿತು. ತಿನ್ನುತ್ತಿದ್ದೀಯಾ, ಚಳಿಯಾ, ಅಲ್ಲಿನ ಗಂಡಸರು ಹೇಗಿದ್ದಾರೆ. ತೆಂಗಿನಹಾಲಲ್ಲಿ ಬೇಯಿಸಿದ ಸೊಪ್ಪು ಮಾಡಿದ್ದೇವೆ ಎಂದು ಬೇಕಂತಲೇ ಮೂರು ಸಲ ಹೇಳಿ ಗೇಲಿ ಮಾಡಿದರು.

ಫೋನಿಟ್ಟ ಮೇಲೆ ಬ್ರೆಡ್ ತಿಂದೆ.

ಮಾರ್ಚ್ 27

ದೊಡ್ಡ ಬರಹವೊಂದನ್ನು ಒಪ್ಪಿಸಬೇಕು. ನಿಮ್ಮದೇ ಹೋಟೆಲಿನ ಒಂದು ವಿಭಾಗ ಆರಿಸಿ, ಹಣದ ಸೋರಿಕೆ ಎಲ್ಲಿ, ಸರಿಪಡಿಸುವುದು ಹೇಗೆ, ಬರೆಯಿರಿ ಅಂದರು ಪ್ರಾಧ್ಯಾಪಕಿ ಹೆಸ್ಲಪ್. ಲಾಂಡ್ರಿ ಆರಿಸಿದೆ. ಅದರ ಒಳಹೊರಗು ನನಗೆ ಗೊತ್ತು.

ಅಕ್ಕನನ್ನು ಕೇಳಿದೆ. ಗಂಟೆಗೆ ಎಷ್ಟು ಹೊದಿಕೆ ಒಗೆಯುತ್ತೀರಿ, ಯಂತ್ರ ಎಷ್ಟು ಸಲ ಕೆಡುತ್ತದೆ, ನೀರು ಎಷ್ಟು. ತನ್ನ ಲೆಕ್ಕದ ಪುಸ್ತಕ ನೋಡಿ ಎಲ್ಲ ಓದಿ ಹೇಳಿದಳು. ಒಂದು ಕಡೆ ತಪ್ಪಿದ್ದಕ್ಕೆ ಮತ್ತೆ ಫೋನ್ ಮಾಡಿ ತಿದ್ದಿದಳು. ನಿನಗೆ ಒಳ್ಳೆ ಮಾರ್ಕ್ಸ್ ಬರಬೇಕಲ್ಲ ಅಂದಳು.

ಏಪ್ರಿಲ್ 16

ನೂರಕ್ಕೆ ಎಂಬತ್ತೆಂಟು. ತರಗತಿಗೇ ಹೆಚ್ಚು. ನನ್ನ ಬರಹವನ್ನು ಪರದೆಯ ಮೇಲೆ ತೋರಿಸಿದರು.

ಆರನೇ ಪುಟ: ಲಾಂಡ್ರಿ ಮುಚ್ಚಿ, ಒಗೆತವನ್ನು ನಾಂದಿ ಪಟ್ಟಣದ ದೊಡ್ಡ ಕಂಪನಿಗೆ ಕೊಡುವುದು ಲಾಭ. ಏಳನೇ ಪುಟ: ಎರಡು ವರ್ಷದಲ್ಲಿ, ನಿಧಾನವಾಗಿ, ಒಂಬತ್ತೂ ಮಂದಿಗೆ ಬೇರೆ ಕೆಲಸ ಕಲಿಸಿದ ಮೇಲೆ, ಒಬ್ಬರನ್ನೂ ಮನೆಗೆ ಕಳಿಸದೆ.

ನಮ್ಮ ರೆಸಾರ್ಟ್‌ನ ಮ್ಯಾನೇಜರ್ ಪೆಥ್ರಿಕ್ ಪ್ರತಿ ಕೇಳಿದ್ದರು. ಕಳಿಸಿದೆ. ಅವರು ಕೇಳದಿದ್ದರೂ ಕಳಿಸುತ್ತಿದ್ದೆ, ಸುಳ್ಳೇಕೆ.

ಜೂನ್ 12

ಮೂರು ಭಾನುವಾರದಿಂದ ಯಾರೂ ಫೋನ್ ಎತ್ತಿರಲಿಲ್ಲ. ಮದುವೆಯೋ ಸಾವೋ ಇರಬೇಕು ಅಂದುಕೊಂಡಿದ್ದೆ.

ಇಂದು ಸೋದರಮಾವ ಹೇಳಿದರು. ಲಾಂಡ್ರಿ ಮುಚ್ಚಿತು. ಪೆಥ್ರಿಕ್ ಎಲ್ಲರನ್ನೂ ನಿಲ್ಲಿಸಿ, ಇದು ಹೊರಗಿನವರ ಮಾತಲ್ಲ, ನಮ್ಮ ಸಲನಿಯೆತಾಳ ಅಧ್ಯಯನ ಎಂದರಂತೆ. ನಾಲ್ವರಿಗೆ ಕೋಣೆ ಕೆಲಸ. ಐವತ್ತು ದಾಟಿದ ಐವರು ಮನೆಗೆ. ಅಕ್ಕನಿಗೆ ಐವತ್ತೇಳು.

“ಅವಳು ಏನಂದ್ಲು, ಮಾವ?”

“ತನ್ನ ಲೆಕ್ಕದ ಪುಸ್ತಕಾನ ಒಲೆಗೆ ಹಾಕಿದ್ಲು.”

ಜೂನ್ 13

ಪೆಥ್ರಿಕ್‌ಗೆ ಇಮೇಲ್. ಏಳನೇ ಪುಟ ಓದಲಿಲ್ಲವೇ?

ಉತ್ತರ ಒಂದೇ ಗಂಟೆಯಲ್ಲಿ. ಓದಿದರಂತೆ. ಸೊಗಸಾಗಿದೆಯಂತೆ, ಆದರೆ ಈ ವರ್ಷ ಆಗುವ ಮಾತಲ್ಲವಂತೆ. ಕೊನೆಯಲ್ಲಿ — ಡಿಸೆಂಬರ್‌ನಲ್ಲಿ ಬಂದ ಕೂಡಲೇ ಡೆಪ್ಯುಟಿ ಮ್ಯಾನೇಜರ್ ಹುದ್ದೆ ನನ್ನದು. ಅಭಿನಂದನೆ.

ಊಟ ಮಾಡಲಿಲ್ಲ.

ಜೂನ್ 20

ರೇವಿನ್‌ಗೆ ಹೇಳಿದೆ. ಅವಳು ತಬ್ಬಿಕೊಳ್ಳಲಿಲ್ಲ, ಅದಕ್ಕೆ ಋಣಿ. “ಪುಟಗಳನ್ನ ಬೇರೆ ಬೇರೆ ಮಾಡಿ ಬರೆದಿದ್ಯಾಕೆ? ಓದೋರು ಬೇಕಾದ್ದು ಹರ್ಕೊಳ್ತಾರೆ. ಅದು ನಿಂಗೆ ಗೊತ್ತಿತ್ತು, ಸಲ,” ಅಂದಳು.

ಗೊತ್ತಿತ್ತೇ? ಮಾರ್ಕ್ಸ್ ಬರುವುದು ಆರನೆಯದಕ್ಕೆ ಎಂದಂತೂ ಗೊತ್ತಿತ್ತು. ಏಳನೆಯದನ್ನು ಕೊನೆಯ ಸಂಜೆ, ಅರ್ಧ ಗಂಟೆಯಲ್ಲಿ ಬರೆದೆ.

ಪೆಥ್ರಿಕ್‌ಗೆ ಮತ್ತೆ ಬರೆದೆ: ಐವರನ್ನೂ ವಾಪಸ್ ಕರೆಸಿದರೆ ಹುದ್ದೆ ಒಪ್ಪುವೆ.

ಜೂನ್ 23

ಹಾಗಿದ್ದರೆ ಹುದ್ದೆಗೆ ಬೇರೊಬ್ಬರನ್ನು ನೋಡಿಕೊಳ್ಳುತ್ತಾರಂತೆ ಪೆಥ್ರಿಕ್. ನಾಲ್ಕು ಸಾಲು. ವಂದನೆಗಳೊಂದಿಗೆ.

ಜುಲೈ 5, ಶನಿವಾರ, ಊರು

ರಜೆ. ಬಂದೆ. ಕ್ಷಮೆ ಕೇಳುವುದಾದರೆ ನಮ್ಮ ರೀತಿಯಲ್ಲೇ ಕೇಳಬೇಕು. ಕ್ಷಮೆಯ ಕಾಣಿಕೆಯಾಗಿ ಇಡಲು ಮಾವ ಯಂಗೋನಾ ಬೇರಿನ ಕಟ್ಟು ಹೊತ್ತರು. ಅಕ್ಕನ ಮನೆಯ ಬಾಗಿಲ ಬಳಿ ತಲೆ ತಗ್ಗಿಸಿ ಕೂತೆವು. ಐವರೂ ಇದ್ದರು. ಮಾತಾಡಿದ್ದು ಮಾವ, ತಪ್ಪು ಮಾಡಿದವರು ಮಾತಾಡುವಂತಿಲ್ಲ. ಒಳ್ಳೆಯದೇ ಆಯಿತು.

ಬೇರು ಬಹಳ ಹೊತ್ತು ಚಾಪೆಯ ಮೇಲೇ ಇತ್ತು. ನಂತರ ಅಕ್ಕನ ಗಂಡ ಮುಂದೆ ಬಾಗಿ ಮುಟ್ಟಿದರು. ಚಪ್ಪಾಳೆ ತಟ್ಟಿದರು. ಕ್ಷಮಿಸಿದ್ದೇವೆ ಎಂದರು. ಪದ್ಧತಿ ಮುಗಿಯಿತು.

ಜುಲೈ 7, ಸೋಮವಾರ, ನಾಂದಿ ವಿಮಾನ ನಿಲ್ದಾಣ

ನಿನ್ನೆ ಅಕ್ಕನ ಮನೆಯಲ್ಲಿ ಊಟ. ಅವಳೇ ಕರೆದಳು. ಐವರೂ ಸೇರಿದ್ದರು.

ಒಳ್ಳೆಯ ಚಾಪೆ ಹಾಸಿದ್ದರು. ಮೀನು, ಮರಗೆಣಸು, ತೆಂಗಿನಹಾಲಿನ ಸೊಪ್ಪು. ಓದಿನ ಬಗ್ಗೆ, ವಿಮಾನದ ಬಗ್ಗೆ ವಿಚಾರಿಸಿದರು. ಯಾರೂ ಒರಟಾಗಿ ಮಾತಾಡಲಿಲ್ಲ. ಯಾರೂ ನನ್ನನ್ನು ಗೇಲಿ ಮಾಡಲಿಲ್ಲ.

ಹುದ್ದೆ ಬಿಟ್ಟೆ ಎಂದು ಹೇಳಲು ಎರಡು ಸಲ ಬಾಯಿ ತೆರೆದೆ. ಹೇಳಿದರೆ ಬೆಲೆ ತೆತ್ತಿದ್ದೇನೆಂದು ತೋರಿಸಿಕೊಂಡಂತೆ. ಬಾಯಿಗೆ ಸೊಪ್ಪು ತುಂಬಿಕೊಂಡೆ.

ಊಟವಾದ ಮೇಲೆ ಎಂದಿನಂತೆ ತಟ್ಟೆಗಳನ್ನು ಒಟ್ಟು ಮಾಡಿಕೊಂಡು ಎದ್ದೆ. ಅಕ್ಕ ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡಳು.

“ಕೂತ್ಕೊ, ಸಲ. ಅತಿಥಿಗಳು ಪಾತ್ರೆ ತೊಳೀಬಾರ್ದು.”

ಕೋಪವಿರಲಿಲ್ಲ. ಕೋಪವಿದ್ದಿದ್ದರೆ... ಒಳಗಿಂದ ನೀರಿನ ಸದ್ದು, ಐವರ ಮಾತು, ನಗು. ನಾನು ಚಾಪೆಯ ಮೇಲೆ, ನೆಟ್ಟಗೆ ಕೂತು, ಚಹಾ ಕುಡಿದು, ಚೆನ್ನಾಗಿದೆ ಎಂದು ಸ್ವಲ್ಪ ಜೋರಾಗಿ, ಒಳಗೆ ಕೇಳಿಸುವಂತೆ ಹೇಳಿದೆ.