ಎಪ್ಪತ್ತೆಂಟು ಕಾಲರ್

ಚಿಕ್ಕಮ್ಮನಿಗೆ,

ಮೊಣಕಾಲು ನೋವು ಹೇಗಿದೆ? ಮುಲಾಮು ಕಳಿಸಿದ್ದೇನೆ, ಎರಡು ಹೊತ್ತೂ ಹಚ್ಚಿಕೋ.

ಅವತ್ತು ಸ್ಟಾಪ್‌ವಾಚ್ ಹಿಡಿದು ಕೆಲಸದ ವೇಗ ಅಳೆಯಲು ನಾನು ಫ್ಯಾಕ್ಟರಿಯಲ್ಲಿ ನಿಮ್ಮ ಹೊಲಿಗೆ ಲೈನಿಗೆ ಬಂದಾಗ, ನೀನು "ನಮ್ಮಕ್ಕನ ಮಗಳು ಕಣ್ರೇ, ಆಫೀಸರ್ ಆಗಿದಾಳೆ" ಅಂತ ಎಲ್ಲರಿಗೂ ತೋರಿಸಿದೆ. ನಾನು ಗುರುತೇ ಇಲ್ಲದವಳಂತೆ ವಾಚು ಒತ್ತಿದೆ. ನೀನು ತಲೆ ಎತ್ತಲಿಲ್ಲ, ನೀರಿಗೂ ಏಳಲಿಲ್ಲ. ಗಂಟೆಗೆ ಎಪ್ಪತ್ತೆಂಟು ಕಾಲರ್ ಹೊಲಿದೆ.

ನಿನ್ನ ಮಷಿನ್ನಿನ ಪಕ್ಕ ಕೂತು ಓದಿ ಬೆಳೆದವಳು ನಾನು. ನಿನ್ನ ಕೈ ಗಂಟೆಗೆ ಅರವತ್ತು ದಾಟುವುದಿಲ್ಲವೆಂದು ಗೊತ್ತು. ಮೇಲಿನವರ ಮುಂದೆ ನನಗೆ ಒಳ್ಳೆ ಹೆಸರು ಬರಲಿ ಅಂತ ಹಾಗೆ ಹೊಲಿದೆಯೆಂದೂ ಗೊತ್ತು. ಆದರೂ ನಾನು ಎಪ್ಪತ್ತೆಂಟು ಅಂತಲೇ ಬರೆದೆ. ಮ್ಯಾನೇಜರ್ ಬೆನ್ನು ತಟ್ಟಿದರು.

ಈಗ ಇಡೀ ಲೈನಿಗೆ ಅದೇ ಟಾರ್ಗೆಟ್. ಊಟಕ್ಕೆ ನಿನ್ನ ಪಕ್ಕ ಯಾರೂ ಕೂರುತ್ತಿಲ್ಲವಂತೆ. ನೀನು ಹೇಳಲಿಲ್ಲ, ಇಸ್ತ್ರಿ ಮಾಡುವಾಕೆ ಹೇಳಿದಳು.

ವಾಚು ಕೆಟ್ಟಿತ್ತು ಎಂದು ಮ್ಯಾನೇಜರಿಗೆ ಹೇಳಿ, ಮತ್ತೆ ಅಳೆಯಲು ಒಪ್ಪಿಸಿದ್ದೇನೆ. ತಪ್ಪು ನನ್ನದು ಎನ್ನಲು ಅಲ್ಲೂ ಬಾಯಿ ಬರಲಿಲ್ಲ. ಸೋಮವಾರ ಬರುತ್ತೇನೆ. ನೀನು ಮನೆಯಲ್ಲಿ ಹೊಲಿಯುವ ಹಾಗೇ ಹೊಲಿ. ನಡುವೆ ನೀರಿಗೆ ಏಳು, ಕಾಲು ಚಾಚು, ದಾರ ಕಡಿದರೆ ನಿಧಾನವಾಗಿ ಪೋಣಿಸು.

ಈ ಸಲ ಬಾಗಿಲಿನಿಂದಲೇ, ಎಲ್ಲರಿಗೂ ಕೇಳುವ ಹಾಗೆ, "ಚಿಕ್ಕಮ್ಮಾ" ಅಂತ ಕೂಗುತ್ತೇನೆ. ಆ ಖುಷಿಯಲ್ಲಿ ಮತ್ತೆ ಮಾತ್ರ, ನಿನ್ನ ಕೈ ಹಿಡಿದು ಕೇಳಿಕೊಳ್ಳುತ್ತೇನೆ, ಜೋರಾಗಿ ಹೊಲಿಯಬೇಡ.

ನಿನ್ನಕ್ಕನ ಮಗಳು